ಕೋಲುಬಂದೂಕಿನ ಉಸ್ತಾದರು

ಉಸ್ತಾದರು ತೀರಿಕೊಂಡ ಮೂರನೆಯ ದಿನ, ಕುರುಗೋಡಿನ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಶ್ರದ್ಧಾಂಜಲಿ ಬ್ಯಾನರ್ ಕಟ್ಟಬೇಕೆಂದು ಅವರ ಶಿಷ್ಯರೆಲ್ಲ ಸೇರಿ ತೀರ್ಮಾನಿಸಿದೆವು. ಶಿಷ್ಯರೆಂದರೆ ಪಾಟೀಚೀಲದ ಮಕ್ಕಳಲ್ಲ. ಬೆಳೆ ಕಾಯಲು ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿ, ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್ ಇಲ್ಲ ಎಂದು ಗೊತ್ತಾಗಿ, ಬಳ್ಳಾರಿಯ ಮೈದಾನದಲ್ಲಿ ಅವರ ಮುಂದೆ ಬಿಸಿಲಲ್ಲಿ ನಿಂತು ಬೈಸಿಕೊಂಡ ರೈತರು. ಉಸ್ತಾದರ ಮನೆಯವರು "ಫೋಟೋ ಗೀಟೋ ಯಾಕ್ರಿ" ಅಂದರು. ನಾವು ಕೇಳಲಿಲ್ಲ.

ತೊಂದರೆ ಬ್ಯಾನರ್ ಅಂಗಡಿಯಲ್ಲಿ ಶುರುವಾಯಿತು. ಇಷ್ಟು ವರ್ಷ ಬಂದೂಕಿನ ಪಾಠ ಹೇಳಿದ ಮನುಷ್ಯ ಬಂದೂಕು ಹಿಡಿದ ಒಂದೇ ಒಂದು ಫೋಟೋ ಯಾರ ಮೊಬೈಲಿನಲ್ಲೂ ಇರಲಿಲ್ಲ. ಸಿಕ್ಕಿದ ಒಂದರಲ್ಲಿ ಬಿದಿರು ಕೋಲು ಹಿಡಿದು ನಿಂತಿದ್ದರು. "ಚಿಂತಿ ಬ್ಯಾಡ್ರಿ, ಕೋಲು ತಗದು ಬಂದೂಕ ಕೂಡಸ್ತೀನಿ" ಅಂದ ಅಂಗಡಿಯವನು. ಕೂಡಿಸಿದ. ನಳಿಗೆ ಕಂಪ್ಯೂಟರಿನಿಂದ ನೇರವಾಗಿ ನಮ್ಮ ಎದೆಗೆ ಬಂತು. ನಾವು ಎಂಟು ಜನ ಒಟ್ಟಿಗೆ ಪಕ್ಕಕ್ಕೆ ಸರಿದೆವು. ನಳಿಗೆಯನ್ನು ಮೇಲೆ ಮಾಡು ಅಂದರೆ ಬ್ಯಾನರಿನ ಮೇಲಿನ ಸಾಲಿನಲ್ಲಿ ಊರಿನ ಹಿರಿಯರ ಫೋಟೋಗಳಿದ್ದವು; ಒಬ್ಬರ ಗದ್ದದ ಕೆಳಗೆ ಸರಿಯಾಗಿ ಹೋಗಿ ನಿಂತಿತು. ಕೆಳಗೆ ಮಾಡು ಅಂದರೆ ಅಲ್ಲಿ 'ದುಃಖತಪ್ತರು' ಎಂದು ನಮ್ಮವೇ ಮುಖಗಳು. ಕೊನೆಗೆ "ಕೋಲ ಇರಲಿ ಬಿಡಪಾ" ಅಂದೆವು. "ದನ ಕಾಯೋರಂಗ ಕಾಣ್ತಾರ್ರಿ" ಅಂದ. ಕಾಣಲಿ ಅಂದೆವು. ಆ ಅಂಗಡಿಯಿಂದ ಹೊರಗೆ ಬಂದಾಗ ನನಗೆ ನಗುವೂ ಬಂತು, ಅಳುವೂ ಬಂತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ "ನನ್ನ ಹೆಸರು ಯಾರು ಕೇಳಿದ್ರಲೇ" ಎನ್ನುವ ಪೈಕಿ ಅವರು. ಚಿಕ್ಕಂದಿನಿಂದ ನನಗೆ ಅವರು ಗಾದಿ ಅಂಗಡಿಯವರು, ಅಷ್ಟೇ. ಅವರಪ್ಪನ ಕಾಲದ ಅಂಗಡಿ. ಒಳಗೆ ಅರಳೆ, ಹೊರಗೆ ಗಾದಿ, ನಡುವೆ ಮೈಯೆಲ್ಲ ಅರಳೆ ಹತ್ತಿಸಿಕೊಂಡ ಇವರು. ಹರೆಯದಲ್ಲಿ ಮಿಲಿಟರಿಯಲ್ಲಿ ಹದಿನೈದು ವರ್ಷ ಇದ್ದು ಬಂದವರೆಂದು ಊರಿಗೆ ಗೊತ್ತಿತ್ತು, ಆದರೆ ಗಾದಿಯವನ ಮಿಲಿಟರಿ ಕತೆ ಯಾರಿಗೆ ಬೇಕು. ನನ್ನದು ಅದೇ ಓಣಿಯಲ್ಲಿ ಹಿಟ್ಟಿನ ಗಿರಣಿ. ಸಂಜೆ ಇಬ್ಬರೂ ಬಾಗಿಲಿಗೆ ನಿಂತರೆ ಒಬ್ಬ ಅರಳೆಯಲ್ಲಿ ಬಿಳಿ, ಒಬ್ಬ ಹಿಟ್ಟಿನಲ್ಲಿ ಬಿಳಿ.

ನನ್ನಪ್ಪನಿಗೆ ಎಪ್ಪತ್ತು ದಾಟಿ ಕೈ ನಡುಗತೊಡಗಿದಾಗ, ಅವರ ಒಂಟಿ ನಳಿಗೆ ಬಂದೂಕಿನ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಬೇಕಾಯಿತು. ಗುಡ್ಡದ ಮಗ್ಗುಲಿಗೆ ನಮ್ಮದು ಐದು ಎಕರೆ. ಶೇಂಗಾ ಹಾಕಿದರೆ ಹಂದಿಗಳು ನಮಗಿಂತ ಮೊದಲು ಕಿತ್ತು ನೋಡುತ್ತವೆ. ತರಬೇತಿಗೆಂದು ಬಳ್ಳಾರಿಗೆ ಹೋದೆ. ಮೈದಾನದ ಬೇವಿನ ಗಿಡದ ಕೆಳಗೆ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಮುಖ ನೋಡಿಕೊಳ್ಳುವಂಥ ಪಾಲಿಶ್ ಬೂಟು ಹಾಕಿಕೊಂಡು ನಿಂತವರು ನಮ್ಮ ಗಾದಿ ಅಂಗಡಿಯವರು. ಸಂಬಳವಿಲ್ಲ, ಭತ್ಯೆಯಿಲ್ಲ, ಕೇಳಿದವರಿಗೆ "ಹವ್ಯಾಸ" ಅನ್ನುತ್ತಿದ್ದರು. ನಾನು ಪರಿಚಯದ ನಗೆ ನಕ್ಕೆ. ಅವರು ನಗಲಿಲ್ಲ.

"ಕೋಲು ಎಲ್ಲೈತಿ?"

ಮೊದಲ ಎರಡು ದಿನ ಅವರ ಶಾಲೆಯಲ್ಲಿ ಬಂದೂಕು ಮುಟ್ಟುವಂತಿರಲಿಲ್ಲ. ಒಬ್ಬೊಬ್ಬರೂ ಮನೆಯಿಂದ ಮೂರೂವರೆ ಅಡಿಯ ಕೋಲು ತರಬೇಕು. ಆ ಕೋಲೇ ಬಂದೂಕು, ಮತ್ತು ಅದರಲ್ಲಿ ಸದಾ ತೋಟಾ ತುಂಬಿದೆ. ಕೋಲಿನ ತುದಿ ಯಾರ ಕಡೆ ತಿರುಗಿತೋ ಅವನು ಸತ್ತ ಲೆಕ್ಕ. ಸತ್ತವನು ಗಿಡದ ಕೆಳಗೆ ಹೋಗಿ ಮಲಗಬೇಕು, ಹೊಡೆದವನು ಹೋಗಿ ಅವನ ಕ್ಷಮೆ ಕೇಳಬೇಕು. ನಾನು ಮೊದಲ ದಿನವೇ ಆಯಾಸಕ್ಕೆ ಕೋಲಿನ ತುದಿಯನ್ನು ನನ್ನ ಚಪ್ಪಲಿಯ ಮೇಲೆ ಊರಿ ನಿಂತೆ. "ಗಿರಣಿ, ನಿನ್ನ ಬಲಗಾಲು ಹೋತು" ಅಂದರು. ಅವತ್ತು ಸಂಜೆಯ ತನಕ ಕುಂಟಿದೆ. ಚಹಾದ ಅಂಗಡಿಗೂ ಒಂಟಿ ಕಾಲಲ್ಲಿ ಕುಣಿಯುತ್ತಾ ಹೋದೆ. ರೂಪನಗುಡಿಯ ಮೆಣಸಿನಕಾಯಿ ರೈತನೊಬ್ಬ ಊಟದ ಹೊತ್ತಿನಲ್ಲಿ ಕೋಲು ಬಗಲಲ್ಲಿಟ್ಟುಕೊಂಡು ಪಲ್ಯ ಬಡಿಸಿಕೊಳ್ಳಲು ತಿರುಗಿದ, ಒಂದೇ ತಿರುವಿಗೆ ಮೂವರು ಹೋದರು. ಅವರಲ್ಲಿ ಒಬ್ಬ ಅವನ ಭಾವಮೈದ. ಅವನ ಕ್ಷಮೆ ಮಾತ್ರ ಕೇಳಲಾರೆ ಎಂದು ಅರ್ಧ ತಾಸು ಹಟ ಹಿಡಿದ.

ಸಿರುಗುಪ್ಪದ ಕಡೆಯವನೊಬ್ಬ ಕೋಲಿನ ಬದಲು ಕಬ್ಬಿನ ಜಲ್ಲೆ ತಂದಿದ್ದ. ಮಧ್ಯಾಹ್ನಕ್ಕೆ ಅದು ಒಂದು ಗೇಣು ಉಳಿದಿತ್ತು. ಉಸ್ತಾದರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ನಳಗಿ ಪೂರಾ ತಿಂದೀಯಲ್ಲೋ ತಮ್ಮಾ, ಇನ್ನ ಯಾದರಾಗಿಂದ ಹೊಡೀತಿ?" ಅಂದರು.

ಅವರ ಇಡೀ ಪಾಠ ಒಂದು ಸಾಲಿನದು: ನೋಡಿ ಹೇಳು. ಬಂದೂಕು ಕೈಗೆ ಬಂದ ಕೂಡಲೇ ನಡುವಿನ ಕೀಲಿನಲ್ಲಿ ಮುರಿದು ತೆರೆ. ತೋಟಾ ಇರುವ ಜಾಗಕ್ಕೆ ಬೆರಳು ಹಾಕು. ನಳಿಗೆಯನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿ ಕಾಣುತ್ತದೆಯೇ ನೋಡು. ಆಮೇಲೆ "ಖಾಲಿ" ಅನ್ನು. ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದರೂ ಸಾಕು, ಹೊಡೆದಾಗ ಅದು ಒಡೆದು ಹಂದಿಯ ಬದಲು ನೀನು ಹೋಗುತ್ತಿ. "ಬೆರಳು ಒಬ್ಬ ಸಾಕ್ಷಿ, ಕಣ್ಣು ಒಬ್ಬ ಸಾಕ್ಷಿ. ಇಬ್ರೂ ಹೂಂ ಅನ್ನಬೇಕು" ಅನ್ನುತ್ತಿದ್ದರು. ಕನ್ನಡದಲ್ಲಿ ಹೇಳಿ, ಗಡಿಯ ಕಡೆಯವರಿಗೆ ತೆಲುಗಿನಲ್ಲಿ ಹೇಳಿ, ಆಮೇಲೂ ತಪ್ಪಿದವನಿಗೆ ಉರ್ದುವಿನಲ್ಲಿ ಬೈಯುತ್ತಿದ್ದರು. ಪರೀಕ್ಷೆಯ ದಿನ ಅಂಗಡಿಯಿಂದ ಚೂರು ಅರಳೆ ತಂದು, ಯಾರಿಗೂ ಕಾಣದಂತೆ ನಳಿಗೆಯ ನಡುವೆ ತುರುಕಿ ಇಡುತ್ತಿದ್ದರು. ಅದನ್ನು ನೋಡದೆ ಖಾಲಿ ಅಂದವನು ನಾಪಾಸು. ಹಂದಿ ಹೊಡೆಯುವುದನ್ನಂತೂ ಅವರು ಕಲಿಸುತ್ತಲೇ ಇರಲಿಲ್ಲ. "ಅದನ್ನ ಕೊಲ್ಲಾಕ ಸರಕಾರದ ಅಪ್ಪಣಿ ಬೇಕು. ನಿಮಗ ಬಂದೂಕ ಕೊಡೋದು ಹೆದರಸಾಕ. ನಿಮ್ಮನ್ನ ನೋಡಿ ಹಂದಿ ಹೆದರಬೇಕು, ನಿಮ್ಮ ಹೆಂಡತಿ ಅಲ್ಲ."

ಯಾರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಶಿಬಿರದ ಉದ್ಘಾಟನೆಗೆ ಅಕ್ಕಿ ಗಿರಣಿಯ ದೊಡ್ಡ ಸಾಹುಕಾರರೊಬ್ಬರು ಬಂದಿದ್ದರು. ಬೆಳಗಿನ ಉಪ್ಪಿಟ್ಟು ಅವರದೇ ಧರ್ಮ. ಹಾರ ಹಾಕಿಸಿಕೊಂಡ ಮೇಲೆ ಮೇಜಿನ ಮೇಲಿದ್ದ ಬಂದೂಕನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಫೋಟೋಕ್ಕೆ ನಿಂತರು. ಉಸ್ತಾದರು ಹೋಗಿ ಬಂದೂಕು ಇಸಿದುಕೊಂಡು ಕೈಗೊಂದು ಕೋಲು ಕೊಟ್ಟರು.

"ಸಾಹುಕಾರ್ರ, ಎರಡು ದಿನ ಇದನ್ನ ಹಿಡೀರಿ. ಮೂರನೇ ದಿನ ಅದನ್ನ ಕೊಡ್ತೀನಿ."

ಮರುದಿನದಿಂದ ಉಪ್ಪಿಟ್ಟು ಬಂದ್ ಆಯಿತು. ಶಿಬಿರಕ್ಕೆ ಬರುವವರು ಇವತ್ತಿಗೂ ಬುತ್ತಿ ಕಟ್ಟಿಕೊಂಡೇ ಬರುತ್ತಾರೆ.

ನಾನು ಪಾಸಾದೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಿರಣಿಯಲ್ಲಿ ತೂಗುಹಾಕಿದೆ. ಆ ವರ್ಷದ ಮಹಾನವಮಿಗೆ ಉಸ್ತಾದರು ಕರೆಯದೆಯೇ ನಮ್ಮ ಮನೆಗೆ ಬಂದರು. ಅದು ಅವರ ವಾರ್ಷಿಕ ಪ್ರವಾಸ ಎಂದು ಆಮೇಲೆ ಗೊತ್ತಾಯಿತು. ಆಯುಧಪೂಜೆಯ ದಿನ ಕುರುಗೋಡಿನಿಂದ ಹಿಡಿದು ಕೆಂಚನಗುಡ್ಡದ ತನಕ ಶಿಷ್ಯರ ಮನೆಮನೆಗೆ ಹೋಗಿ ಬಂದೂಕಿನ ಮುಖ ತಿರುಗಿಸಿ ಬರುತ್ತಿದ್ದರು. ಕಾರಣವಿದೆ. ನಮ್ಮ ಕಡೆ ಬಂದೂಕನ್ನು ಕಂಬಳಿಯ ಮೇಲಿಟ್ಟು, ಕುಂಕುಮ ಹಚ್ಚಿ, ಹೂ ಏರಿಸಿ ಪೂಜೆ ಮಾಡುತ್ತೇವೆ. ದೇವರಿಗೆ ಗುರಿ ಇಡಬಾರದಲ್ಲ, ಅದಕ್ಕೆ ಹಿಡಿಯನ್ನು ದೇವರ ಕಡೆ ಮಾಡುತ್ತೇವೆ. ಅಲ್ಲಿಗೆ ನಳಿಗೆ ನಮ್ಮ ಕಡೆ ಬರುತ್ತದೆ. ಆಮೇಲೆ ಮನೆ ಮಂದಿಯೆಲ್ಲ ಸಾಲಾಗಿ ಬಂದು ಅದರ ಮುಂದೆ ತಲೆ ಇಡುತ್ತೇವೆ.

ಉಸ್ತಾದರು ಬಾಗಿಲಿಗೆ ಬಂದಾಗ ನಮ್ಮವ್ವ ಅಡ್ಡಬಿದ್ದಿದ್ದಳು. ಅವಳ ನೆತ್ತಿಗೂ ನಳಿಗೆಗೂ ನಡುವೆ ಒಂದು ನಿಂಬೆಹಣ್ಣು.

"ಯವ್ವಾ, ಹಂಗ ಪಕ್ಕಕ್ಕ ಉಳ್ಳವ್ವಾ" ಅಂದರು. ಅವ್ವ ಗಾಬರಿಯಾಗಿ ಉರುಳಿದಳು. ಅಪ್ಪನಿಗೆ ಸಿಟ್ಟು ಬಂತು.

"ಖಾಲಿ ಐತಿ ಬರ್ರಿ. ನಲವತ್ತು ವರ್ಷದಿಂದ ನಂದದು. ನನಗ ಗೊತ್ತಿಲ್ಲೇನು?"

"ಗೊತ್ತಿರಲಿ. ನೋಡಿ ಹೇಳ್ರಿ."

ಅಪ್ಪ ನೋಡಲಿಲ್ಲ, ಮುಖ ತಿರುಗಿಸಿ ಕೂತರು. ಉಸ್ತಾದರೇ ಹೂ ಸರಿಸಿ, ಬಂದೂಕನ್ನು ಗೋಡೆಯ ಕಡೆ ತಿರುಗಿಸಿ, ಮುರಿದು ತೆರೆದರು. ಒಳಗೆ ಹಿತ್ತಾಳೆ ಹಸಿರುಗಟ್ಟಿದ ತೋಟಾ ಒಂದು ತಣ್ಣಗೆ ಕೂತಿತ್ತು. ಐದು ವರ್ಷದ ಹಿಂದೆ ಶೇಂಗಾದ ಕಾಲದಲ್ಲಿ ತುಂಬಿಟ್ಟು ಅಪ್ಪ ಮರೆತದ್ದು. ಅವ್ವ ಆ ತೋಟಾ ನೋಡಿದಳು, ಅಪ್ಪನನ್ನು ನೋಡಿದಳು. "ಐದು ವರ್ಷ ಇದಕ್ಕ ತಲಿ ಇಟ್ಟೀನ್ರಿ ನಾನು" ಅಂದಳು. ಅವತ್ತು ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಆಯಿತು, ಅಪ್ಪನಿಗೆ ಮಾತ್ರ ಅನ್ನ ಸಾರು.

ಬಂದೂಕನ್ನು ಮತ್ತೆ ಪೂಜೆಗೆ ಇಡುವಾಗ ಉಸ್ತಾದರು ಕೇಳಿದರು, "ಈ ಗ್ವಾಡಿ ಆಚಿಗೆ ಯಾರದಾರ?"

"ನಮ್ಮಣ್ಣ" ಅಂದರು ಅಪ್ಪ. ಇಬ್ಬರಿಗೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. "ಇರಲಿ ಬಿಡ್ರಿ, ಆ ಕಡಿಗೇ ಇಡ್ರಿ. ಅಡ್ಡಿ ಇಲ್ಲ."

ಹೋಗುವಾಗ ಉಸ್ತಾದರು ನನ್ನನ್ನು ಹೊರಗೆ ಕರೆದು, "ಸರ್ಟಿಫಿಕೇಟ್ ಗ್ವಾಡಿಗೆ ಹಾಕೀ. ಅಪ್ಪನ ಬಂದೂಕ ತಗದು ನೋಡಿಲ್ಲ" ಅಂದರು. ನೋಡಬೇಕೆಂದು ನನಗೆ ಅನ್ನಿಸಿತ್ತು. ಅಪ್ಪನ ಮುಂದೆ ಹೇಗೆ ತೆರೆಯುವುದೆಂದು ಸುಮ್ಮನಿದ್ದೆ. ನನ್ನ ರೋಗವೇ ಅದು. ಗಿರಣಿಯ ಸದ್ದಿಗೆ ಊರೆಲ್ಲ ಕೇಳುವಂತೆ ಕಿರುಚುವವನು, ದೊಡ್ಡವರ ಮುಂದೆ ಬಾಯಿ ಬಿಡಲಾರೆ. ಆ ನಾಚಿಕೆಗೇ ಮುಂದಿನ ತಿಂಗಳಿಂದ ಅವರ ಜೊತೆ ಶಿಬಿರಕ್ಕೆ ಹೋಗತೊಡಗಿದೆ. ಕೋಲು ಹಂಚುವುದು, ಸತ್ತವರನ್ನು ಎಣಿಸುವುದು ನನ್ನ ಕೆಲಸ.

ಕೆಂಚನಗುಡ್ಡದ ಶರಣಮ್ಮ ಬಂದದ್ದು ಆಗಲೇ. ಹೊಳೆಯ ದಂಡೆಗೆ ಅವರದು ಗದ್ದೆ. ಗಂಡ ಲಾರಿ ಓಡಿಸುತ್ತಾ ಊರೂರು ತಿರುಗುವವನು, ಹೊಲ ಕಾಯುವುದು ಈಕೆ. ಮೊದಲ ದಿನವೇ ಒಬ್ಬರನ್ನೂ ಕೊಲ್ಲದೆ ಸಂಜೆ ಮಾಡಿದ ಏಕೈಕ ವ್ಯಕ್ತಿ. ಪಾಸಾದ ಮೇಲೂ ಬಂದು ಕಲಿಸಲು ನಿಂತಳು. ಉಸ್ತಾದರು ಅವಳನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ಬೈದದ್ದನ್ನೂ ಕೇಳಿಲ್ಲ, ನಮಗೆ ಅದೇ ಹೊಟ್ಟೆಕಿಚ್ಚು.

ಉಸ್ತಾದರ ಹತ್ತಿರ ಸ್ವಂತ ಬಂದೂಕು ಇರಲಿಲ್ಲ. ಯಾಕೆಂದು ಕೇಳಿದಾಗ ಅಂಗಡಿಯ ಮೂಲೆಯಲ್ಲಿದ್ದ ಒಂದು ಹಳೆಯ ಗಾದಿ ತೋರಿಸಿದರು. ನಡುವೆ ಹಲಸಿನ ಬೀಜದಷ್ಟು ತೂತು. ಮಿಲಿಟರಿಯಿಂದ ರಜೆಯಲ್ಲಿ ಬಂದಾಗ ಗೆಳೆಯನ ಬಂದೂಕು ತಂದು, ಖಾಲಿ ಅಂದುಕೊಂಡು ಅಂಗಡಿಯಲ್ಲಿ ಠೀವಿಯಿಂದ ಎತ್ತಿ ಹಿಡಿದು ಟ್ರಿಗರ್ ಎಳೆದರಂತೆ. ಗುಂಡು ಮೂರು ಗಾದಿ ತೂರಿ ನಾಲ್ಕನೆಯದರಲ್ಲಿ ನಿಂತಿತು. ನಾಲ್ಕನೆಯದರ ಹಿಂದೆ ಅವರ ಅಣ್ಣ ಚಹಾ ಕುಡಿಯುತ್ತಾ ಕೂತಿದ್ದ. "ಅಂಗಡಿ ತುಂಬ ಅರಳಿ. ಅದರಾಗ ಅಣ್ಣ ಕಾಣವಲ್ಲ. ಇದಾನೋ ಹೋದನೋ ತಿಳೀವಲ್ದು. ಆಮ್ಯಾಲ ಒಳಗಿಂದ, ಚಾದಾಗ ಅರಳಿ ಬಿತ್ತಲೇ ಅಂದ" ಎಂದು ಹೇಳಿ ನಕ್ಕರು. ನಗು ಬೇಗ ನಿಂತಿತು. ಅರಳೆ ಕೆಳಗಿಳಿಯುವ ತನಕದ ಆ ಒಂದು ಗಳಿಗೆಗಾಗಿಯೇ ಅವರು ಇಷ್ಟು ವರ್ಷ ಬಿಸಿಲಲ್ಲಿ ನಿಂತರು ಅಂತ ನನಗೆ ಅನ್ನಿಸುತ್ತದೆ.

ಶಿಬಿರ ಬಿಟ್ಟರೆ ಅವರಿಗೆ ಬೇರೆ ಜೀವ ಇರಲಿಲ್ಲ. ತಿಂಗಳಿಗೊಮ್ಮೆ ಮೂರು ದಿನ. ಉಳಿದ ಇಪ್ಪತ್ತೇಳು ದಿನ ಅದರ ಹಾದಿ ಕಾಯುತ್ತಿದ್ದರು. ಹಿಂದಿನ ಸಂಜೆಯೇ ಗಡ್ಡ ಬೋಳಿಸಿಕೊಂಡು, ಬೂಟು ತಿಕ್ಕಿ, ಮೊದಲ ಬಸ್ಸಿಗೆ ಸಿದ್ಧ. ವಯಸ್ಸಾಯಿತು, ಇನ್ನು ಮನೆಯಲ್ಲಿರಲಿ ಎಂದು ಶಿಬಿರ ನಡೆಸುವವರಲ್ಲಿ ಗುಸುಗುಸು ಶುರುವಾದಾಗ ಬೇವಿನ ಗಿಡದ ಕೆಳಗೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಕೈಯಾಗ ಒಂದು ತಪ್ಪು ಆದ ದಿನ ನಾನಾ ಹೋಗತೀನಿ. ಯಾರೂ ಕಳಸೋದು ಬ್ಯಾಡ." ಆಗಲೇ ನನಗೆ ಹೆದರಿಕೆ ಹತ್ತಿತು. ಬಸ್ಸಿನ ಬೋರ್ಡನ್ನು ಅವರು ಓದದೆ ಕಂಡಕ್ಟರನ ಕೂಗು ಕೇಳಿ ಹತ್ತುತ್ತಿದ್ದುದನ್ನು ನಾನು ಗಮನಿಸಿದ್ದೆ.

ಕಳೆದ ವರ್ಷ ಆ ದಿನ ಬಂತು. ಇಪ್ಪತ್ತು ಜನರ ತಂಡ ಎದುರಿಗೆ ಕೂತಿತ್ತು. ಉಸ್ತಾದರು ಬಂದೂಕು ಎತ್ತಿ, ತೆರೆದು, ಒಂದು ನೋಟ ನೋಡಿ, "ಖಾಲಿ" ಎಂದು ನನ್ನ ಕೈಗೆ ಕೊಟ್ಟರು. ಬೆರಳು ಹಾಕಿರಲಿಲ್ಲ. ನಾನು ಬೆರಳು ಹಾಕಿದೆ. ಒಳಗೆ ಪಾಠಕ್ಕೆ ಬಳಸುವ ಮದ್ದಿಲ್ಲದ ತೋಟಾ ಇತ್ತು. ಯಾರಿಗೂ ಅಪಾಯ ಇರಲಿಲ್ಲ, ಆದರೆ ಅವರ ಲೆಕ್ಕದಲ್ಲಿ ಅದು ಇಪ್ಪತ್ತು ಹೆಣ. ಬಾಯಿ ಬಿಟ್ಟರೆ ಅವರ ಶಿಬಿರ ಮುಗಿಯಿತು. ತೋಟಾವನ್ನು ಮೆಲ್ಲಗೆ ಜೇಬಿಗೆ ಇಳಿಸಿ, "ಖಾಲಿ" ಅಂದೆ.

ಸಂಜೆ ಕುರುಗೋಡಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಊರು ಅರ್ಧ ದಾರಿಯಿರುವಾಗ, "ಡಬ್ಬಿಯಾಗ ಒಂದು ತೋಟಾ ಕಡಿಮಿ ಐತಿ. ನಿನ್ನ ಜೇಬಿನ್ಯಾಗ ನೋಡು" ಅಂದರು.

ತೆಗೆದು ಕೊಟ್ಟೆ. ಬೆರಳಿನಿಂದ ತಡವಿ ನೋಡಿದರು.

"ಸಕ್ಕರಿ ಕಾಯಿಲಿ ಕಣ್ಣು ತಿಂದೈತಿ. ಚಸ್ಮಾ ಹಾಕಿದರೂ ಅಷ್ಟ, ಆಪರೇಶನ್ ಮಾಡಿದರೂ ಅಷ್ಟ ಅಂತ ಡಾಕ್ಟರ್ ಹೇಳಿ ಆರು ತಿಂಗಳಾತು. ಅದನ್ನ ಮುಚ್ಚಿಟ್ಟೆ, ತಪ್ಪು. ನೀ ಹ್ಯಾಂಗ ಖಾಲಿ ಅಂದಿ?"

"ನಿಮ್ಮ ಮರ್ಯಾದಿ..."

"ನನ್ನ ಮರ್ಯಾದಿಗೆ ಇಪ್ಪತ್ತು ಮಂದಿನ ಕೊಂದೀ. ಇವತ್ತಿನ ಲೆಕ್ಕದಾಗ ನನ್ನದು ಒಂದ ತಪ್ಪು; ತೋಟಾ ಮುಚ್ಚಿಟ್ಟಿ, ಸುಳ್ಳು ಹೇಳಿದಿ, ನಿನ್ನವು ಎರಡು."

ಮರುದಿನ ತಂಡದ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ, ನಾವಿಬ್ಬರೂ ನಾಪಾಸು ಎಂದು ಸಾರಿದರು. ಕಲಿಸುವ ಕೋಲನ್ನು ಶರಣಮ್ಮನ ಕೈಗೆ ಕೊಟ್ಟರು. ಅವಳು ಬ್ಯಾಡ ಬ್ಯಾಡ್ರಿ ಅಂದರೂ ಬಿಡಲಿಲ್ಲ. "ಮತ್ತ ಕಲಿಸಬೇಕಂದರ ಮತ್ತ ಪಾಸಾಗಬೇಕು. ಮುಂದಿನ ತಿಂಗಳು ಬರ್ತೀನಿ" ಅಂದರು.

ಬಂದರು. ನಾನೂ ಹೋದೆ. ಇಬ್ಬರೂ ಮನೆಯಿಂದ ಕೋಲು ತಂದು ಮೂರನೆಯ ಸಾಲಿನಲ್ಲಿ ಕೂತೆವು. ಹೊಸಬರು ಯಾರೋ ಅವರಿಗೆ, "ಈ ವಯಸ್ಸಿನ್ಯಾಗ ಲೈಸನ್ಸ್ ಯಾಕ ಬೇಕಿತ್ರಿ ಕಾಕಾ" ಅಂದ. "ಹಂದಿ ಭಾಳ ಆಗ್ಯಾವಪಾ" ಅಂದರು. ಎರಡು ದಿನ ಅವರು ಯಾರನ್ನೂ ಕೊಲ್ಲಲಿಲ್ಲ. ನಾನು ಮತ್ತೆ ಬಲಗಾಲು ಕಳೆದುಕೊಂಡೆ. ಶರಣಮ್ಮ ಮರ್ಯಾದೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಲು ಹೋದಾಗ ಮಾತ್ರ ಮುನಿದರು.

ಮೂರನೆಯ ದಿನ ಪರೀಕ್ಷೆ. ಉಸ್ತಾದರ ಸರದಿ ಬಂತು. ಅವರಿಗೆ ಆ ಕಲಿಸುವ ಕೋಲು ವಾಪಸ್ಸು ಬೇಕಿತ್ತು, ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಬಂದೂಕು ತೆಗೆದುಕೊಂಡು ನಳಿಗೆಯನ್ನು ನೆಲಕ್ಕೆ ಮಾಡಿದರು. ಮುರಿದು ತೆರೆದರು. ಬೆರಳು ಹಾಕಿದರು. ಆಮೇಲೆ ನಳಿಗೆಯನ್ನು ಬಿಸಿಲಿಗೆ ಹಿಡಿದು ಬಲಗಣ್ಣಿನಿಂದ ನೋಡಿದರು, ಎಡಗಣ್ಣಿನಿಂದ ನೋಡಿದರು, ಮತ್ತೆ ಬಲಗಣ್ಣಿಗೆ ತಂದರು. ಖಾಲಿ ಅಂದುಬಿಟ್ಟರೆ ಅರ್ಧಕ್ಕರ್ಧ ಸರಿಯಾಗುವ ಸಂಭವ ಇತ್ತು. ನಾನಾಗಿದ್ದರೆ ಅನ್ನುತ್ತಿದ್ದೆ.

"ಬೆರಳು ಖಾಲಿ ಅಂತೈತಿ" ಅಂದರು. "ಕಣ್ಣು ಹೇಳವಲ್ದು. ಒಳಗ ಬೆಳ್ಳಗ ಐತಿ. ಅದು ಅರಳಿನೋ, ನನ್ನ ಕಣ್ಣಾಗಿನ ಮಂಜೋ, ತಿಳೀವಲ್ದವ್ವಾ."

ಶರಣಮ್ಮ ಬಂದೂಕು ತೆಗೆದುಕೊಂಡಳು. ಅರಳೆ ಇತ್ತೋ ಇಲ್ಲವೋ ಅವಳು ಯಾರಿಗೂ ತೋರಿಸಲಿಲ್ಲ, ನಾನೂ ಇವತ್ತಿನ ತನಕ ಕೇಳಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಾಳೆಯನ್ನು ಮೊಣಕಾಲ ಮೇಲಿಟ್ಟು ಅವರ ಹೆಸರಿನ ಮುಂದೆ ಬರೆದಳು.

"ಏನು ಬರದಿ? ಗಟ್ಟಿಯಾಗಿ ಓದು" ಅಂದರು ಉಸ್ತಾದರು.

"ನಾಪಾಸು ರೀ."

ಉಸ್ತಾದರು ನೆಟ್ಟಗೆ ನಿಂತು ಅವಳಿಗೊಂದು ಸೆಲ್ಯೂಟ್ ಹೊಡೆದರು. ಅವರ ಸೆಲ್ಯೂಟ್ ನಾನು ನೋಡಿದ್ದು ಅದೊಂದೇ ಸಲ. ನನಗೆ ಪಾಸು ಅಂತ ಬರೆದಿದ್ದಳು, ಅದನ್ನು ಯಾರೂ ಕೇಳಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಮಿರ್ಚಿ ಮಂಡಕ್ಕಿ ಕೊಡಿಸಿದರು. ಬಸ್ ಹತ್ತಿದ ಮೇಲೆ ಮುಂದಿನ ಸೀಟಿನವರನ್ನು ತಟ್ಟಿ ಕರೆದು, "ನನ್ನ ಶಿಷ್ಯಳು ಇವತ್ತು ನನ್ನನ್ನ ಫೇಲ್ ಮಾಡಿದ್ಲರಿ" ಅಂದರು. ಹಿಂದಿನ ಸೀಟಿನವರಿಗೂ ಹೇಳಿದರು. ಟಿಕೆಟ್ ಕೊಡಲು ಬಂದ ಕಂಡಕ್ಟರನಿಗೂ ಹೇಳಿದರು. ಮೊಮ್ಮಗಳು ಜಿಲ್ಲೆಗೇ ಮೊದಲು ಬಂದಳೆಂದು ಹೇಳುವವರ ದನಿ ಅದು. ಕಂಡಕ್ಟರ್, "ಪಾಪ, ಹೋಗ್ಲಿ ಬಿಡ್ರಿ, ಮುಂದಿನ ಸಲ ಪಾಸಾಗ್ತೀರಿ" ಅಂದ.

"ಇನ್ನ ಮುಂದಿನ ಸಲ ಬ್ಯಾಡಪಾ. ಆಕಿ ಅದಾಳಲ್ಲ" ಅಂದರು.

ಕುರುಗೋಡು ಬಂತು. ಇಷ್ಟು ದಿನ ಬಾಗಿಲ ಸರಳು ಹಿಡಿದು, ಯಾರಿಗೂ ಗೊತ್ತಾಗದಂತೆ ಬೂಟಿನ ತುದಿಯಿಂದ ಮೆಟ್ಟಿಲು ತಡವಿ ಇಳಿಯುತ್ತಿದ್ದವರು ಅವತ್ತು ಬಾಗಿಲಲ್ಲಿ ನಿಂತು, ಇಡೀ ಬಸ್ಸಿಗೆ ಕೇಳುವಂತೆ, "ಗಿರಣಿ, ಕೈ ಕೊಡಲೇ, ನನಗ ಮೆಟ್ಟಲ ಕಾಣವಲ್ದು" ಅಂದರು. ಕೊಟ್ಟೆ. ಗಾದಿ ಅಂಗಡಿಯ ತನಕ ಹಾಗೆಯೇ ಹಿಡಿದುಕೊಂಡು ನಡೆದರು.